ಎರಡು ಗಂಟೆಗೆ ಬಾಗಿಲು ಹಾಕುವ ಊರು: ಮನೆಮಂದಿಯೊಡನೆ ವಿಯೆನ್ನಾದ ಕ್ರಿಸ್‌ಮಸ್

ಡಿಸೆಂಬರ್ 24ರ ಮಧ್ಯಾಹ್ನ ಎರಡು ಗಂಟೆಗೆ ವಿಯೆನ್ನಾದ ಅಂಗಡಿಗಳು ಬಾಗಿಲು ಹಾಕಬೇಕು. ಇದು ಬರೀ ರೂಢಿಯಲ್ಲ, ಆಸ್ಟ್ರಿಯಾದ ಕಾನೂನು. ಸಿಹಿತಿಂಡಿ, ಹೂವು ಮಾರುವವರಿಗೆ ಸಂಜೆ ಆರರವರೆಗೆ, ಕ್ರಿಸ್‌ಮಸ್ ಮರ ಮಾರುವವರಿಗೆ ರಾತ್ರಿ ಎಂಟರವರೆಗೆ ವಿನಾಯಿತಿ ಇದೆ. ಮರುದಿನ 25, ಅದರ ಮರುದಿನ 26, ಎರಡೂ ಸಾರ್ವಜನಿಕ ರಜೆ. ಭಾನುವಾರವೂ ಅಲ್ಲಿ ಅಂಗಡಿ ತೆರೆಯುವುದಿಲ್ಲವಾದ್ದರಿಂದ, 27 ಭಾನುವಾರ ಬಿದ್ದ ವರ್ಷ ರಜೆ ಇನ್ನೊಂದು ದಿನ ಬೆಳೆಯುತ್ತದೆ. 2026ರಲ್ಲಿ ಹಾಗೇ ಆಗುತ್ತದೆ.

ಯುರೋಪಿನ ಹಳೆಯ ಊರೊಂದರಲ್ಲಿ ಕ್ರಿಸ್‌ಮಸ್ ರಜೆ ಕಳೆಯಬೇಕೆಂದು ಹೊರಡುವ ನಮ್ಮ ಕಡೆಯ ಕುಟುಂಬಗಳು ಎಡವುವುದು ಇಲ್ಲಿಯೇ. ಬೆಂಗಳೂರಿನಲ್ಲಿ 24ರ ಸಂಜೆ ಎಂದರೆ ಬ್ರಿಗೇಡ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ಅದೇ ಲೆಕ್ಕದಲ್ಲಿ ಟಿಕೆಟ್ ತೆಗೆದು 24ರ ಸಂಜೆ ವಿಯೆನ್ನಾದಲ್ಲಿ ಇಳಿದರೆ ಮಕ್ಕಳಿಗೆ ಹಾಲು, ಬ್ರೆಡ್ಡು ಹುಡುಕುವುದೇ ಕೆಲಸವಾಗುತ್ತದೆ. ಊರು ಸತ್ತುಹೋಗಿದೆ ಅನ್ನಿಸುತ್ತದೆ. ಆದರೆ ಊರು ಹಬ್ಬ ಮಾಡುತ್ತಿರುತ್ತದೆ, ಬೀದಿಯಲ್ಲಿ ಅಲ್ಲ, ಮನೆಯೊಳಗೆ.

ಅಲ್ಲಿನ ಹಬ್ಬದ ನಡೆ ತಿಳಿದರೆ ಇದು ಅರ್ಥವಾಗುತ್ತದೆ. ಆಸ್ಟ್ರಿಯಾದ ಮಕ್ಕಳಿಗೆ ಉಡುಗೊರೆ ತರುವವನು ಕೆಂಪು ಟೊಪ್ಪಿಗೆಯ ಸಾಂತಾ ಅಲ್ಲ. ಕ್ರಿಸ್ಟ್‌ಕಿಂಡ್, ಅಂದರೆ ಬಾಲ ಯೇಸು. 24ರ ಸಂಜೆ ಮರವಿರುವ ಕೋಣೆಯ ಬಾಗಿಲು ಮುಚ್ಚಿರುತ್ತದೆ. ದೊಡ್ಡವರು ಒಳಗೆ ದೀಪ ಹಚ್ಚಿ, ಪುಟ್ಟ ಗಂಟೆಯೊಂದನ್ನು ಬಾರಿಸುತ್ತಾರೆ. ಗಂಟೆ ಕೇಳಿದ ಮೇಲೆಯೇ ಮಕ್ಕಳಿಗೆ ಪ್ರವೇಶ. ಮರವನ್ನು ಮಕ್ಕಳು ಮೊದಲ ಸಲ ಅಲಂಕಾರದೊಂದಿಗೆ ನೋಡುವುದು ಆಗಲೇ. ನಂತರ ಹಾಡು, ಊಟ, ಎಷ್ಟೋ ಮನೆಗಳಲ್ಲಿ ಊಟಕ್ಕೆ ಕಾರ್ಪ್ ಮೀನು. ಅಂಗಡಿಯ ಹುಡುಗಿ, ಹೋಟೆಲಿನ ಅಡುಗೆಯವನು, ಟ್ರ್ಯಾಮಿನಿಂದ ಇಳಿಯುವ ಅಜ್ಜಿ ಎಲ್ಲರೂ ಆ ಗಂಟೆಯ ಹೊತ್ತಿಗೆ ಮನೆ ಸೇರಬೇಕು. ಎರಡು ಗಂಟೆಯ ಕಾನೂನಿನ ಹಿಂದೆ ಇರುವುದು ಈ ಕಾಳಜಿ. ನನಗಂತೂ ಇದು ಗೌರವಿಸಬೇಕಾದ ಏರ್ಪಾಡು ಅನ್ನಿಸುತ್ತದೆ.

ಹೀಗಾಗಿ ಪ್ರವಾಸಿಗರ ಪಾಲಿನ ಕ್ರಿಸ್‌ಮಸ್ ಎಂದರೆ 25ರ ದಿನವಲ್ಲ, ಅದಕ್ಕೂ ಹಿಂದಿನ ನಾಲ್ಕು ವಾರಗಳ ಆಡ್ವೆಂಟ್ ಕಾಲ. ಸಂತೆ, ದೀಪ, ಹಾಡು, ಬೀದಿಯ ತಿಂಡಿ ಎಲ್ಲವೂ ಆಗ. ನನ್ನ ಸಲಹೆ ಸ್ಪಷ್ಟ: ಡಿಸೆಂಬರ್ 18 ಅಥವಾ 19ಕ್ಕೆ ವಿಯೆನ್ನಾ ತಲುಪಿ. 23ರವರೆಗೆ ಬೀದಿ ಸುತ್ತಿ. 24, 25, 26ನ್ನು ನಿಧಾನದ ದಿನಗಳೆಂದು ಮೊದಲೇ ಒಪ್ಪಿಕೊಳ್ಳಿ. ಶಾಲೆಯ ರಜೆ 24ಕ್ಕೇ ಶುರುವಾಗುವುದಾದರೆ, ಐದಾರು ದಿನ ಮುಂಚೆ ಮಕ್ಕಳನ್ನು ಬಿಡಿಸಿಕೊಳ್ಳಲು ಶಾಲೆಯಲ್ಲಿ ಕೇಳಿ ನೋಡಿ. ಅದಾಗದಿದ್ದರೆ ಹೊಸ ವರ್ಷವನ್ನೇ ಗುರಿಯಾಗಿಸಿ 27ರ ನಂತರ ಹೋಗುವುದು ಮೇಲು. ನಡುವೆ ಬಂದು ಸಿಕ್ಕಿಕೊಳ್ಳಬೇಡಿ.

ವೀಸಾ ಮತ್ತು ಪೆಟ್ಟಿಗೆ

ಆಸ್ಟ್ರಿಯಾಕ್ಕೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಆದರೆ ಡಿಸೆಂಬರಿಗೆ ಎಲ್ಲರೂ ಹೊರಡುವುದರಿಂದ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಸೆಪ್ಟೆಂಬರಿನಲ್ಲೇ ಕೆಲಸ ಮುಗಿಸುವುದು ಒಳ್ಳೆಯದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, 6 ತುಂಬಿ 12 ತುಂಬದ ಮಕ್ಕಳಿಗೆ 45 ಯೂರೊ, 6 ತುಂಬದವರಿಗೆ ಏನೂ ಇಲ್ಲ. ಅರ್ಜಿ ಪಡೆಯುವ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. 12 ವರ್ಷದೊಳಗಿನವರ ಬೆರಳಚ್ಚು ತೆಗೆಯುವುದಿಲ್ಲ. ತಂದೆ ಅಥವಾ ತಾಯಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಹಲವರು ಕೊನೆಗಳಿಗೆಯಲ್ಲಿ ನೋಟರಿ ಹುಡುಕಿ ಓಡಾಡುವುದು ಇದಕ್ಕಾಗಿಯೇ.

ಪೆಟ್ಟಿಗೆ ಕಟ್ಟುವಾಗ ಒಂದು ಎಚ್ಚರ. ಐರೋಪ್ಯ ಒಕ್ಕೂಟದೊಳಗೆ ಹೊರದೇಶದಿಂದ ಬರುವವರು ಮಾಂಸ ಮತ್ತು ಹಾಲಿನ ಉತ್ಪನ್ನ ತರುವಂತಿಲ್ಲ. ಅಮ್ಮ ಪ್ರೀತಿಯಿಂದ ಕಾಯಿಸಿ ಕೊಟ್ಟ ತುಪ್ಪವೂ ಈ ನಿಯಮಕ್ಕೆ ಒಳಪಟ್ಟದ್ದೇ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಕರಿಬೇವಿನ ಎಸಳನ್ನೂ ಮನೆಯಲ್ಲೇ ಬಿಡಿ. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್ ಮತ್ತು ಡುರಿಯನ್‌ಗೆ ಮಾತ್ರ ಈ ಪ್ರಮಾಣಪತ್ರದ ಅಗತ್ಯವಿಲ್ಲ. ಸಾರಿನ ಪುಡಿ, ಚಟ್ನಿ ಪುಡಿ, ಅವಲಕ್ಕಿಗೆ ತೊಂದರೆಯಿಲ್ಲ. ಅಕ್ಕಿ, ಬೇಳೆ, ಮೊಸರು, ಬೆಣ್ಣೆ ಎಲ್ಲವೂ ಅಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತವೆ.

ಬಟ್ಟೆಯ ವಿಷಯದಲ್ಲಿ ಒಂದು ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕಿಕೊಳ್ಳುವುದು ಜಾಣತನ. ಕ್ರಿಸ್‌ಮಸ್ ಹೊತ್ತಿಗೆ ವಿಯೆನ್ನಾದಲ್ಲಿ ತಾಪಮಾನ ಸೊನ್ನೆಯ ಆಸುಪಾಸು. ಆದರೆ ರೈಲು, ಮ್ಯೂಸಿಯಂ, ಮನೆ ಎಲ್ಲವೂ ಬೆಚ್ಚಗಿರುತ್ತವೆ. ಒಳಗೆ ಹೋದಾಗಲೆಲ್ಲ ಕಳಚಬೇಕು, ಹೊರಬಂದಾಗ ಮತ್ತೆ ತೊಡಬೇಕು. ಮುಖ್ಯವಾದದ್ದು ಕಾಲು. ನೀರಿಳಿಯದ, ದಪ್ಪ ಅಡಿಯ ಬೂಟು ಇಲ್ಲದಿದ್ದರೆ ಸಂತೆಯಲ್ಲಿ ಒಂದು ಗಂಟೆ ನಿಲ್ಲಲಾಗದು.

ಮನೆ ಎಲ್ಲಿ, ಓಡಾಟ ಹೇಗೆ

ಮಕ್ಕಳು, ಹಿರಿಯರು ಜೊತೆಗಿದ್ದರೆ ಹೋಟೆಲಿನ ಬದಲು ಅಡುಗೆಮನೆಯಿರುವ ಫ್ಲ್ಯಾಟ್ ಹಿಡಿಯಿರಿ. ಮೂರು ದಿನ ಅಂಗಡಿ ಮುಚ್ಚುವ ಊರಿನಲ್ಲಿ ಒಂದು ಒಲೆ ಇರುವುದು ದೊಡ್ಡ ಧೈರ್ಯ. ಹಳೆಯ ನಗರದ ನಟ್ಟನಡುವೆ ದುಬಾರಿ ಬಾಡಿಗೆ ಕೊಡಬೇಕಿಲ್ಲ. ಮೂರನೇ ಜಿಲ್ಲೆಯಾದ ಲಾಂಡ್‌ಸ್ಟ್ರಾಸೆಯಲ್ಲಿ, ವೀನ್ ಮಿಟ್ಟೆ ನಿಲ್ದಾಣದ ಹತ್ತಿರ ಮನೆ ಸಿಕ್ಕರೆ ತುಂಬ ಅನುಕೂಲ: ವಿಮಾನ ನಿಲ್ದಾಣದಿಂದ ಎಸ್7 ರೈಲು ನೇರ ಅಲ್ಲಿಗೇ ಬರುತ್ತದೆ, ಯು3 ಮೆಟ್ರೋದಲ್ಲಿ ಎರಡನೇ ನಿಲ್ದಾಣವೇ ಸೇಂಟ್ ಸ್ಟೀಫನ್ಸ್ ಕ್ಯಾಥೆಡ್ರಲ್, ಯು4 ಹಿಡಿದರೆ ಬದಲಿಸದೆ ಷೋನ್‌ಬ್ರುನ್ ಅರಮನೆ. ವಿಮಾನ ನಿಲ್ದಾಣದಿಂದ ಕ್ಯಾಟ್ ಎಂಬ ವಿಶೇಷ ರೈಲೂ ಇದೇ ನಿಲ್ದಾಣಕ್ಕೆ 16 ನಿಮಿಷದಲ್ಲಿ ತಲುಪಿಸುತ್ತದೆ, ಆದರೆ ದರ ಹೆಚ್ಚು. ಎಸ್7 ಕೆಲವು ನಿಮಿಷ ತಡವಾಗಿ ಅದೇ ಕೆಲಸ ಮಾಡುತ್ತದೆ. ನಾಲ್ವರ ಕುಟುಂಬಕ್ಕೆ ಎಸ್7 ಸಾಕು.

ಮೆಟ್ರೋ, ಟ್ರ್ಯಾಮ್, ಬಸ್ಸು ಎಲ್ಲಕ್ಕೂ ಒಂದೇ ಟಿಕೆಟ್. ನಿಲ್ದಾಣಗಳಲ್ಲಿ ನಮ್ಮ ಮೆಟ್ರೋದಲ್ಲಿರುವಂತೆ ಗೇಟುಗಳಿಲ್ಲ, ಒಳಗೆ ನಡೆದುಹೋಗಬಹುದು. ಕಾಗದದ ಟಿಕೆಟ್ ಕೊಂಡರೆ ಮೊದಲ ಪ್ರಯಾಣಕ್ಕೆ ಮುಂಚೆ ಅಲ್ಲಿರುವ ನೀಲಿ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇಲ್ಲದ್ದಕ್ಕೆ ಸಮ, ಸಿಕ್ಕಿಬಿದ್ದರೆ ನೂರು ಯೂರೊ ಮೀರಿದ ದಂಡ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೂ ಇರಬಹುದು. 24 ಗಂಟೆಗಳ ಟಿಕೆಟ್‌ಗಳಿವೆ, ಅವು ನಗರದ ವಲಯಕ್ಕೆ ಮಾತ್ರ. ವಿಮಾನ ನಿಲ್ದಾಣ ಆ ವಲಯದ ಆಚೆ ಇರುವುದರಿಂದ ಅಲ್ಲಿಗೆ ಹೆಚ್ಚುವರಿ ಟಿಕೆಟ್ ಬೇಕು.

ಕುಟುಂಬಗಳಿಗೆ ಹಣ ಉಳಿಸುವ ನಿಯಮವೊಂದಿದೆ, ಹಲವರಿಗೆ ಗೊತ್ತಿರುವುದಿಲ್ಲ. 6 ತುಂಬದ ಮಕ್ಕಳಿಗೆ ನಗರ ಸಾರಿಗೆ ಎಂದೂ ಉಚಿತ. 15 ತುಂಬದವರಿಗೂ ಭಾನುವಾರ, ಸರ್ಕಾರಿ ರಜೆ ಮತ್ತು ವಿಯೆನ್ನಾದ ಶಾಲಾ ರಜೆಯ ದಿನಗಳಲ್ಲಿ ಉಚಿತ. ಅಲ್ಲಿನ ಕ್ರಿಸ್‌ಮಸ್ ಶಾಲಾ ರಜೆ ಡಿಸೆಂಬರ್ 24ರಿಂದ ಜನವರಿ 6ರವರೆಗೆ. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಜೊತೆಗಿರಲಿ. 24ರ ಸಂಜೆಯೂ ಮೆಟ್ರೋ, ಟ್ರ್ಯಾಮ್ ನಿಲ್ಲುವುದಿಲ್ಲ, ಗಾಡಿ ಗಾಡಿಯ ನಡುವಿನ ಅಂತರ ಹೆಚ್ಚಿರುತ್ತದೆ ಅಷ್ಟೆ.

ಸಂತೆಗಳು

1298ರಲ್ಲಿ ಆಲ್ಬ್ರೆಕ್ಟ್ ದೊರೆ ವಿಯೆನ್ನಾದವರಿಗೆ ಡಿಸೆಂಬರ್ ಸಂತೆ ನಡೆಸುವ ಹಕ್ಕು ಕೊಟ್ಟನೆಂಬುದರಿಂದ ಈ ಊರು ತನ್ನ ಕ್ರಿಸ್‌ಮಸ್ ಸಂತೆಯ ಚರಿತ್ರೆ ಹೇಳುತ್ತದೆ. ಇಂದು ಎಲ್ಲರೂ ಫೋಟೋದಲ್ಲಿ ನೋಡುವ ದೊಡ್ಡ ಸಂತೆ ನಗರಸಭೆಯ ಮುಂದಿನ ರಾಟ್‌ಹೌಸ್‌ಪ್ಲಾಟ್ಸ್‌ನಲ್ಲಿ ನಡೆಯುತ್ತದೆ. ಅದು 1975ರಿಂದ ಅಲ್ಲಿದೆ. ಮುಂದೆ ನಿಲ್ಲಿಸುವ ಭಾರಿ ಮರವನ್ನು ಪ್ರತಿ ವರ್ಷ ಒಂದೊಂದು ಪ್ರಾಂತ್ಯ ಕಾಣಿಕೆಯಾಗಿ ಕಳಿಸುತ್ತದೆ. ಮಕ್ಕಳಿಗೆ ಸ್ಕೇಟಿಂಗ್, ರಾಟೆ, ದೀಪಗಳ ಮರಗಳು ಇಲ್ಲಿ ಇಷ್ಟವಾಗುತ್ತವೆ. ದೊಡ್ಡವರಿಗೆ ಜನಸಂದಣಿ ಸಾಕೆನಿಸುತ್ತದೆ. ಶನಿವಾರ ಸಂಜೆ ಖಂಡಿತ ಹೋಗಬೇಡಿ. ವಾರದ ದಿನ ಮಧ್ಯಾಹ್ನ ಮೂರೂವರೆಗೆ ಹೋದರೆ ಇನ್ನೂ ಬೆಳಕಿರುತ್ತದೆ, ನಾಲ್ಕು ದಾಟಿ ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗಿ ದೀಪಗಳು ಹೊತ್ತಿಕೊಳ್ಳುವುದನ್ನೂ ನೋಡಬಹುದು. ಕೆಲಸ ಬಿಟ್ಟ ಜನ ಬರುವ ಮೊದಲೇ ಹೊರಡಬಹುದು.

ನನ್ನ ಮೆಚ್ಚಿನವು ಸಣ್ಣ ಸಂತೆಗಳು. ಶ್ಪಿಟೆಲ್‌ಬರ್ಗ್‌ನ ಕಿರಿದಾದ ಕಲ್ಲುಹಾಸಿನ ಓಣಿಗಳಲ್ಲಿ ಹಳೆಯ ಮನೆಗಳ ನಡುವೆ ಮಳಿಗೆಗಳಿರುತ್ತವೆ. ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ, ದೊಡ್ಡ ಗುಮ್ಮಟದ ಚರ್ಚಿನ ಮುಂದೆ, ಕುಶಲಕರ್ಮಿಗಳು ತಾವೇ ಮಾಡಿದ್ದನ್ನು ಮಾರುತ್ತಾರೆ. ಮಕ್ಕಳು ಕುಣಿದಾಡಲು ಹುಲ್ಲು ಹರಡಿರುತ್ತಾರೆ. ಫ್ರೈಯುಂಗ್‌ನಲ್ಲಿ ಗೋದಲಿಯ ಮರದ ಗೊಂಬೆಗಳು ಚೆನ್ನಾಗಿರುತ್ತವೆ. ನೆನಪಿಡಬೇಕಾದ ಮಾತು: ಈ ಮೂರೂ ಸಾಮಾನ್ಯವಾಗಿ 23ಕ್ಕೇ ಮುಗಿಯುತ್ತವೆ. ರಾಟ್‌ಹೌಸ್‌ಪ್ಲಾಟ್ಸ್‌ನದು 26ರವರೆಗೆ ಇರುತ್ತದೆ. ಷೋನ್‌ಬ್ರುನ್ ಅರಮನೆಯ ಮುಂದಿನದು ಇತ್ತೀಚಿನ ವರ್ಷಗಳಲ್ಲಿ ಜನವರಿಯ ಆರಂಭದವರೆಗೂ ನಡೆಯುತ್ತಿದೆ. ಆದ್ದರಿಂದ ಸಣ್ಣವನ್ನು ಮೊದಲು ನೋಡಿ, ದೊಡ್ಡವನ್ನು ಕೊನೆಗೆ ಉಳಿಸಿಕೊಳ್ಳಿ.

ಬಿಸಿ ಪಾನೀಯ ಸೆರಾಮಿಕ್ ಮಗ್‌ನಲ್ಲಿ ಕೊಡುತ್ತಾರೆ. ಬೆಲೆಯ ಜೊತೆ ಮಗ್‌ಗೆಂದು ನಾಲ್ಕೈದು ಯೂರೊ ಠೇವಣಿ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ಹಣ ಮರಳುತ್ತದೆ. ಮಗ್ ಇಷ್ಟವಾದರೆ ಇಟ್ಟುಕೊಳ್ಳಬಹುದು; ಅದಕ್ಕಿಂತ ಅಗ್ಗದ, ಚೆಂದದ ನೆನಪಿನ ಕಾಣಿಕೆ ಸಂತೆಯಲ್ಲಿ ಬೇರೆ ಸಿಗುವುದಿಲ್ಲ. ಗ್ಲ್ಯೂವೈನ್ ಎಂದರೆ ಮಸಾಲೆ ಹಾಕಿ ಬಿಸಿ ಮಾಡಿದ ದ್ರಾಕ್ಷಾರಸದ ಮದ್ಯ. ಪುನ್ಶ್ ಎಂದು ಬರೆದಿದ್ದರೆ ಹಣ್ಣಿನ ರಸದಂತೆ ಕಂಡರೂ ಅದರಲ್ಲೂ ಮದ್ಯ ಇರುತ್ತದೆ. ಮಕ್ಕಳಿಗೆ, ಮದ್ಯ ಬೇಡದವರಿಗೆ ಕೇಳಬೇಕಾದದ್ದು ಕಿಂಡರ್‌ಪುನ್ಶ್.

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳಬೇಕಿಲ್ಲ, ಆದರೆ ಕಣ್ಣು ತೆರೆದಿರಬೇಕು. ಬಾಣಲೆಯಲ್ಲಿ ಹುರಿದ ಮರೋನಿ, ಅಂದರೆ ಚೆಸ್ಟ್‌ನಟ್, ಯಾವ ಸಂಶಯವೂ ಇಲ್ಲದೆ ತಿನ್ನಬಹುದು. ಕಾಗದದ ಪೊಟ್ಟಣ ಕೈಯನ್ನೂ ಬೆಚ್ಚಗಿಡುತ್ತದೆ. ಬೆಳ್ಳುಳ್ಳಿ ಸವರಿದ ಲಾಂಗೋಸ್ ರೊಟ್ಟಿಯನ್ನು ಯಾವುದರಲ್ಲಿ ಕರಿದಿದ್ದಾರೆಂದು ಕೇಳಿ, ಹಂದಿಯ ಕೊಬ್ಬು ಬಳಸುವವರೂ ಇದ್ದಾರೆ. ಹೆಸರಿನಲ್ಲಿ ಚೀಸ್ ಇರುವ ಕೇಸೆಕ್ರೈನರ್ ಚೀಸ್ ತಿಂಡಿಯಲ್ಲ, ಚೀಸ್ ತುಂಬಿದ ಹಂದಿಮಾಂಸದ ಸಾಸೇಜ್. ದೋಸೆಯ ಚೂರು ತೇಲುವ ಫ್ರಿಟಾಟೆನ್ ಸೂಪು ದನದ ಮಾಂಸದ ಸಾರು. ಕೈಸರ್‌ಶ್ಮಾರ್ನ್ ಎಂಬ ಸಿಹಿ ಪ್ಯಾನ್‌ಕೇಕಿನಲ್ಲಿ ಮೊಟ್ಟೆ ಧಾರಾಳ. ಮೊಟ್ಟೆಯೂ ಬೇಡದವರು ಪೊಟ್ಟಣದ ಮೇಲೆ "ಫೆಗಾನ್" ಗುರುತು ನೋಡುವುದು ಸುಲಭದ ದಾರಿ, "ಫೆಗೆಟಾರಿಶ್" ಎಂದರೆ ಮೊಟ್ಟೆ ಇರಬಹುದು. ಆಡ್ವೆಂಟ್ ವಾರಗಳಲ್ಲಿ ವಿಯೆನ್ನಾದ ಮನೆಗಳಲ್ಲಿ ಅರ್ಧಚಂದ್ರಾಕಾರದ ವನಿಲ್ಲೆಕಿಪ್ಫರ್ಲ್ ಮತ್ತಿತರ ಬಿಸ್ಕತ್ತು ಸುಟ್ಟು ಡಬ್ಬಿಗಳಲ್ಲಿ ಹಂಚುತ್ತಾರೆ, ಮಂಗಳೂರಿನ ಕ್ರೈಸ್ತರ ಮನೆಗಳಿಂದ ನೆರೆಮನೆಗೆ ಕುಸ್ವಾರ್ ಹೋಗುವ ಹಾಗೆ. ಬೇಕರಿಗಳಲ್ಲೂ ಅವು ಸಿಗುತ್ತವೆ.

ನೀರಿಗೆ ದುಡ್ಡು ಸುರಿಯಬೇಡಿ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ತಪ್ಪಲಿನ ಊಟೆಯ ನೀರು. 1873ರಲ್ಲಿ ಮೊದಲ ಕೊಳವೆಮಾರ್ಗ, 1910ರಲ್ಲಿ ಎರಡನೆಯದು ಆರಂಭವಾದವು. ಬೆಟ್ಟದಿಂದ ಊರಿಗೆ ನೀರು ಇಳಿಜಾರಿನ ಬಲದಿಂದಲೇ ಹರಿದುಬರುತ್ತದೆ. ಬಾಟಲಿ ಒಯ್ದು ನಲ್ಲಿಗೆ ಹಿಡಿಯಿರಿ.

ಆ ಮೂರು ದಿನ

23ರ ಸಂಜೆಯೊಳಗೆ ಮೂರು ದಿನದ ಸಾಮಾನು ಮನೆಗೆ ತಂದುಬಿಡಿ. ಪ್ರಾಟರ್‌ಸ್ಟರ್ನ್, ಮುಖ್ಯ ರೈಲು ನಿಲ್ದಾಣಗಳಲ್ಲಿ ರಜಾದಿನಗಳಲ್ಲೂ ತೆರೆಯುವ ಸೂಪರ್‌ಮಾರ್ಕೆಟ್‌ಗಳಿವೆ, ಆದರೆ ಅಲ್ಲಿನ ಸಾಲು ನೋಡಿದರೆ ಮಕ್ಕಳ ಜೊತೆ ನಿಲ್ಲುವ ಮನಸ್ಸಾಗದು. ಔಷಧಿ ಅಂಗಡಿಗಳು ಸರದಿಯ ಮೇಲೆ ತೆರೆದಿರುತ್ತವೆ. ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಹತ್ತಿರದ ತೆರೆದ ಅಂಗಡಿಯ ವಿಳಾಸ ಹಾಕಿರುತ್ತಾರೆ. ಆರೋಗ್ಯದ ಸಲಹೆಗೆ 1450, ಆಂಬುಲೆನ್ಸಿಗೆ 144. ಈ ಎರಡನ್ನೂ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ.

24ರ ಬೆಳಿಗ್ಗೆ ಷೋನ್‌ಬ್ರುನ್‌ಗೆ ಹೋಗಿ. ಅರಮನೆ ರಜಾದಿನಗಳಲ್ಲೂ ತೆರೆದಿರುತ್ತದೆ. ಆರು ವರ್ಷದ ಮೊಜಾರ್ಟ್ 1762ರಲ್ಲಿ ಮರಿಯಾ ತೆರೇಸಾ ರಾಣಿಯ ಮುಂದೆ ನುಡಿಸಿದ್ದು ಇಲ್ಲಿ; ನಿಮ್ಮ ಮಗುವಿಗೂ ಅದೇ ವಯಸ್ಸಾಗಿದ್ದರೆ ಆ ಕೋಣೆಯಲ್ಲಿ ನಿಂತು ಈ ಕಥೆ ಹೇಳಿ. ಹಿಂದಿನ ತೋಟದಲ್ಲಿರುವ ಮೃಗಾಲಯ 1752ರದು, ಇಂದಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಜಗತ್ತಿಗೇ ಹಳೆಯದು. ಅದು ವರ್ಷದ ಎಲ್ಲ ದಿನವೂ ತೆರೆದಿರುತ್ತದೆ. ಚಳಿಗಾಲದಲ್ಲಿ ಕತ್ತಲಾಗುವ ಹೊತ್ತಿಗೆ ಮುಚ್ಚುವುದರಿಂದ ಬೇಗ ಹೋಗಬೇಕು. ರಾತ್ರಿಯ ಊಟ ಹೊರಗೆ ಮಾಡಬೇಕೆಂದಿದ್ದರೆ ವಾರಗಳ ಮುಂಚೆ ಕಾಯ್ದಿರಿಸಿ. ತೆರೆದಿರುವುದು ಹೆಚ್ಚಾಗಿ ದೊಡ್ಡ ಹೋಟೆಲುಗಳಷ್ಟೇ.

ಆ ರಾತ್ರಿ ಸೇಂಟ್ ಸ್ಟೀಫನ್ಸ್ ಕ್ಯಾಥೆಡ್ರಲ್ಲಿನಲ್ಲಿ ಮಧ್ಯರಾತ್ರಿಯ ಪೂಜೆ ನಡೆಯುತ್ತದೆ. ಯಾವ ಧರ್ಮದವರೂ ಹೋಗಿ ಕೂರಬಹುದು. ಬೇಗ ಹೋದವರಿಗೆ ಜಾಗ, ಗಂಡಸರು ಟೊಪ್ಪಿ ತೆಗೆಯಬೇಕು, ಫೋನ್ ಜೇಬಿನಲ್ಲಿರಲಿ. "ಸ್ಟಿಲ್ಲೆ ನಾಖ್ಟ್" ಹಾಡು, ಇಂಗ್ಲಿಷಿನಲ್ಲಿ "ಸೈಲೆಂಟ್ ನೈಟ್" ಎಂದು ನಾವು ಕೇಳಿರುವುದು, ಆಸ್ಟ್ರಿಯಾದ್ದೇ. ಪಾದ್ರಿ ಯೋಸೆಫ್ ಮೋರ್ ಬರೆದ ಸಾಲುಗಳಿಗೆ ಶಾಲಾ ಮಾಸ್ತರ ಫ್ರಾನ್ಸ್ ಕ್ಸಾವರ್ ಗ್ರೂಬರ್ ರಾಗ ಹಾಕಿ, 1818ರ ಡಿಸೆಂಬರ್ 24ರಂದು ಸಾಲ್ಜ್‌ಬರ್ಗ್ ಬಳಿಯ ಓಬರ್ನ್‌ಡೋರ್ಫ್ ಚರ್ಚಿನಲ್ಲಿ ಇಬ್ಬರೂ ಸೇರಿ ಗಿಟಾರಿನೊಂದಿಗೆ ಮೊದಲು ಹಾಡಿದರು. ಸಂಪ್ರದಾಯಸ್ಥ ಆಸ್ಟ್ರಿಯನ್ನರು ಇದನ್ನು 24ರ ಸಂಜೆಗೆ ಮುಂಚೆ ಹಾಡುವುದಿಲ್ಲ. ಒಂದು ಊರು ಇಡೀ ಡಿಸೆಂಬರ್ ಕಾದಿದ್ದು ಒಟ್ಟಿಗೆ ಹಾಡುವುದನ್ನು ಕೇಳಲು ನಿದ್ದೆ ಕೆಟ್ಟರೂ ಚಿಂತೆಯಿಲ್ಲ.

25, 26 ಮ್ಯೂಸಿಯಂಗಳಿಗೆ. ಎಲ್ಲವೂ ತೆರೆದಿರುವುದಿಲ್ಲ; ನೈಸರ್ಗಿಕ ಇತಿಹಾಸದ ಮ್ಯೂಸಿಯಂ 25ರಂದು ಮುಚ್ಚಿರುತ್ತದೆ, ಹಾಗಾಗಿ ಡೈನೊಸಾರ್ ನೋಡಬೇಕೆನ್ನುವ ಮಕ್ಕಳನ್ನು ಅದಕ್ಕೂ ಮುಂಚೆ ಕರೆದೊಯ್ಯಿರಿ. ಅದರ ಎದುರಿನ ಕುನ್ಸ್ಟ್‌ಹಿಸ್ಟೋರಿಶೆಸ್ ಮ್ಯೂಸಿಯಂನಲ್ಲಿ ಪೀಟರ್ ಬ್ರೂಗಲ್ 1565ರಲ್ಲಿ ಬರೆದ "ಹಿಮದಲ್ಲಿ ಬೇಟೆಗಾರರು" ಚಿತ್ರವಿದೆ. ಹೆಪ್ಪುಗಟ್ಟಿದ ಕೊಳದ ಮೇಲೆ ಆಡುತ್ತಿರುವ ಪುಟ್ಟ ಪುಟ್ಟ ಜನರನ್ನು ಹುಡುಕುತ್ತ ಮಕ್ಕಳು ಬಹಳ ಹೊತ್ತು ನಿಲ್ಲುತ್ತಾರೆ. ಕೇಂದ್ರ ಸರ್ಕಾರದ ಮ್ಯೂಸಿಯಂಗಳಲ್ಲಿ 19 ತುಂಬದವರಿಗೆ 2010ರಿಂದ ಪ್ರವೇಶ ಉಚಿತ, ವಿದೇಶಿ ಮಕ್ಕಳಿಗೂ ಸೇರಿ. ಕ್ರಿಸ್‌ಮಸ್ ಮರವೇ ಈ ಊರಿಗೆ ತಡವಾಗಿ ಬಂದದ್ದೆಂದು ಮಕ್ಕಳಿಗೆ ಹೇಳಿದರೆ ಅಚ್ಚರಿಪಡುತ್ತಾರೆ: ಬರ್ಲಿನ್‌ನಿಂದ ಬಂದ ಯಹೂದಿ ಮನೆತನದ ಫಾನಿ ಫಾನ್ ಆರ್ನ್‌ಸ್ಟೈನ್ 1814ರಲ್ಲಿ ತನ್ನ ಮನೆಯಲ್ಲಿ ನಿಲ್ಲಿಸಿದ್ದೇ ಇಲ್ಲಿನ ಮೊದಲ ಮರ ಎನ್ನುತ್ತಾರೆ.

ಹಿಮ ಬೀಳುತ್ತದೆಂದು ಮಕ್ಕಳಿಗೆ ಮಾತು ಕೊಡಬೇಡಿ. ತಗ್ಗಿನಲ್ಲಿರುವ ವಿಯೆನ್ನಾದಲ್ಲಿ ಹಿಮದ ಕ್ರಿಸ್‌ಮಸ್ ಅಪರೂಪ. ಮೋಡ, ತುಂತುರು, ಚಳಿಗಾಳಿ ಮಾಮೂಲು. ಹಿಮ ಕಾಣುವ ಆಸೆಗೆ ದಕ್ಷಿಣಕ್ಕೆ ಸೆಮ್ಮರಿಂಗ್ ಕಡೆಯ ರೈಲು ಹತ್ತಬಹುದು. ಕಾರ್ಲ್ ಫಾನ್ ಗೇಗಾ ಎಂಬ ಎಂಜಿನಿಯರ್ ಆಲ್ಪ್ಸ್ ಏರಿಸಿದ ಆ ಹಳಿ 1854ರಲ್ಲಿ ಮುಗಿದದ್ದು, 1998ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸುಮಾರು ಸಾವಿರ ಮೀಟರ್ ಎತ್ತರದ ಆ ಕಣಿವೆದಾರಿಯಲ್ಲಿ ಜಾರುಬಂಡಿ ಆಡುವಷ್ಟು ಹಿಮ ಸಿಗುವ ಸಾಧ್ಯತೆ ಹೆಚ್ಚು.

ಹೊಸ ವರ್ಷದವರೆಗೆ ಉಳಿಯುವವರಿಗೆ ಕೊನೆಯ ಒಂದು ಮಾತು. ಜನವರಿ 1ರ ವಿಯೆನ್ನಾ ಫಿಲ್‌ಹಾರ್ಮೋನಿಕ್ ಕಛೇರಿಯ ಟಿಕೆಟ್ ಕೌಂಟರಿನಲ್ಲಿ ಸಿಗುವುದಿಲ್ಲ; ಹಿಂದಿನ ಫೆಬ್ರವರಿಯಲ್ಲೇ ಹೆಸರು ನೋಂದಾಯಿಸಿದವರಿಗೆ ಲಾಟರಿ ಎತ್ತಿ ಹಂಚುತ್ತಾರೆ. ಅದೇ ಕಾರ್ಯಕ್ರಮವನ್ನು ಡಿಸೆಂಬರ್ 30 ಮತ್ತು 31ರಂದೂ ನುಡಿಸುತ್ತಾರೆ, ಅವಕ್ಕೂ ಲಾಟರಿಯೇ. ಆಸೆಯಿದ್ದರೆ ಮುಂದಿನ ಫೆಬ್ರವರಿ 1ನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.